ನೇಮೆ ಯಾರ್ವಿಯವರ ಧ್ವನಿಮುದ್ರಿಕೆಗಳು: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬಹುದು

ಎಸ್ಟೋನಿಯಾದ ವಾದ್ಯವೃಂದ ನಿರ್ದೇಶಕ ನೇಮೆ ಯಾರ್ವಿ ಅವರ ಹೆಸರಿನಲ್ಲಿ ನಾನೂರಕ್ಕೂ ಹೆಚ್ಚು ಧ್ವನಿಮುದ್ರಿಕೆಗಳಿವೆ. ಇಷ್ಟನ್ನು ಮುದ್ರಿಸಿದವರ ವಿಷಯದಲ್ಲಿ ಕೇಳುಗರಿಗೆ ಒಂದು ಅನುಮಾನ ಮೂಡುವುದು ಸಹಜ. ಕೃತಿಯೊಂದನ್ನು ವರ್ಷಗಟ್ಟಲೆ ಒಳಗೆ ಬೆಳೆಸಿಕೊಂಡು, ಆಮೇಲೆ ಧ್ವನಿಗ್ರಾಹಕದ ಮುಂದೆ ನಿಲ್ಲುವವರ ಸಾಲಿಗೆ ಇವರು ಸೇರುತ್ತಾರೋ, ಅಥವಾ ಮೇಜಿನ ಮೇಲೆ ಬಂದ ಸ್ವರಲಿಪಿಯನ್ನೆಲ್ಲ ನುಡಿಸಿ ಮುಗಿಸುವವರ ಸಾಲಿಗೋ? ಈ ಸಂಗ್ರಹದ ಸಾಕಷ್ಟು ಭಾಗವನ್ನು ಹಲವು ವರ್ಷಗಳಿಂದ ಕೇಳುತ್ತ ಬಂದಿರುವ ನನಗೆ ಆ ಅನುಮಾನ ಅರ್ಧ ಸರಿ ಎನ್ನಿಸುತ್ತದೆ. ಎಲ್ಲರೂ ಬಲ್ಲ ಕೃತಿಗಳಲ್ಲಿ ಯಾರ್ವಿ ಅವರ ವೇಗ ಮತ್ತು ಧಾರಾಳ ಎಷ್ಟೋ ಸಲ ಅವಸರದಂತೆ ಕೇಳಿಸುತ್ತವೆ. ಯಾರೂ ಮುಟ್ಟದೆ ಬಿಟ್ಟ ಕೃತಿಗಳಲ್ಲಿ ಅದೇ ಗುಣಗಳು ಸಂಗೀತಕ್ಕೆ ಜೀವ ತುಂಬುತ್ತವೆ. ಹೊಸದಾಗಿ ಕೊಳ್ಳುವವರು ಮತ್ತು ಅಂತರ್ಜಾಲದಲ್ಲಿ ಹುಡುಕಿ ಕೇಳುವವರು ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹಣವೂ ಸಮಯವೂ ಉಳಿಯುತ್ತವೆ.

ಯಾರ್ವಿ 1937ರ ಜೂನ್ 7ರಂದು ಟಾಲಿನ್‌ನಲ್ಲಿ ಹುಟ್ಟಿದರು. ಊರಿನ ಸಂಗೀತ ಶಾಲೆಯಲ್ಲಿ ಅವರು ಕಲಿತದ್ದು ತಾಳವಾದ್ಯ ಮತ್ತು ಗಾಯನವೃಂದದ ನಿರ್ದೇಶನ. ಆಮೇಲೆ ಲೆನಿನ್‌ಗ್ರಾಡ್ ಸಂಗೀತ ವಿದ್ಯಾಲಯದಲ್ಲಿ ನಿಕೊಲಾಯ್ ರಾಬಿನೋವಿಚ್ ಮತ್ತು ಯೆವ್ಗೆನಿ ಮ್ರಾವಿನ್‌ಸ್ಕಿ ಅವರಲ್ಲಿ ಶಿಕ್ಷಣ ಪಡೆದರು. ಇವರ ಲಯ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ತಾಳವಾದ್ಯದ ಆ ಮೊದಲ ಪಾಠದಲ್ಲೇ ಇದೆ ಎಂದು ನನಗೆ ತೋರುತ್ತದೆ. ಯಾರ್ವಿ ಅವರ ಯಾವ ಮುದ್ರಿಕೆಯಲ್ಲೂ ಕಾಲಪ್ರಮಾಣ ಜೋತುಬೀಳುವುದಿಲ್ಲ. ಪಿಟೀಲುಗಳು ಎಷ್ಟೇ ಭಾವುಕವಾಗಿ ನುಡಿಯುತ್ತಿದ್ದರೂ ಅಡಿಯಲ್ಲಿ ಟಿಂಪನಿಯ, ಅಂದರೆ ವಾದ್ಯವೃಂದದ ನಗಾರಿಯ, ಹಿಡಿತ ಬಿಗಿಯಾಗಿಯೇ ಇರುತ್ತದೆ. 1963ರಿಂದ 1979ರವರೆಗೆ ಎಸ್ಟೋನಿಯಾದ ರೇಡಿಯೋ ವಾದ್ಯವೃಂದವನ್ನು ನಡೆಸಿದ ಅವರು 1971ರಲ್ಲಿ ರೋಮ್‌ನ ಸಾಂತಾ ಚೆಚಿಲಿಯಾ ಅಕಾಡೆಮಿಯ ಸ್ಪರ್ಧೆಯನ್ನು ಗೆದ್ದರು. 1979ರಲ್ಲಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾದಲ್ಲಿ ಚೈಕೋವ್‌ಸ್ಕಿಯ ‘ಯೆವ್ಗೆನಿ ಒನೇಗಿನ್’ ನಡೆಸಿಕೊಟ್ಟು, ಮರುವರ್ಷ ಹೆಂಡತಿ ಮಕ್ಕಳೊಂದಿಗೆ ಸೋವಿಯತ್ ಒಕ್ಕೂಟವನ್ನು ಬಿಟ್ಟು ಅಮೆರಿಕಕ್ಕೆ ಹೊರಟರು. ಅದಕ್ಕೂ ಮುಂಚೆ, 1968ರಲ್ಲಿ, ಎಸ್ಟೋನಿಯಾದ ರಚನಕಾರ ಆರ್ವೋ ಪ್ಯಾರ್ಟ್ ಅವರ ‘ಕ್ರೆಡೋ’ ಕೃತಿಯನ್ನು ಟಾಲಿನ್‌ನ ವೇದಿಕೆಗೆ ತಂದವರು ಇವರೇ. ಕ್ರಿಸ್ತನಲ್ಲಿ ನಂಬಿಕೆಯನ್ನು ಸಾರುವ ಲ್ಯಾಟಿನ್ ಸಾಲು ಸೋವಿಯತ್ ಸಭಾಂಗಣದಲ್ಲಿ ಬಹಿರಂಗವಾಗಿ ಮೊಳಗಿದ್ದು ಅಧಿಕಾರಿಗಳನ್ನು ಕೆರಳಿಸಿತು. ಪ್ಯಾರ್ಟ್ ತಮ್ಮ ಮೂರನೆಯ ಸಿಂಫನಿಯನ್ನು (ಸಿಂಫನಿ ಎಂದರೆ ಇಡೀ ವಾದ್ಯವೃಂದಕ್ಕಾಗಿ ಬರೆದ ದೊಡ್ಡ ಕೃತಿ) 1971ರಲ್ಲಿ ಯಾರ್ವಿ ಅವರಿಗೇ ಅರ್ಪಿಸಿದರು. ಅದರ ಮುದ್ರಿಕೆಗಳೂ ಸಿಗುತ್ತವೆ, ಕೇಳಲು ಅಡ್ಡಿಯಿಲ್ಲ. ಆದರೆ ಪ್ಯಾರ್ಟ್ ಅವರಿಗೆ ಇವತ್ತು ಕೇಳುಗರ ಕೊರತೆಯಿಲ್ಲ.

ಕೊರತೆ ಇದ್ದದ್ದು ಎಡುವಾರ್ಡ್ ಟುಬಿನ್ ಅವರಿಗೆ. ಸ್ವೀಡನ್ನಿನ ಬಿಸ್ ಸಂಸ್ಥೆ ಹೊರತಂದಿರುವ ಟುಬಿನ್ ಸಿಂಫನಿಗಳ ಸಂಪುಟವನ್ನೇ ನಾನು ಈ ಇಡೀ ಸಂಗ್ರಹದ ಕೇಂದ್ರವೆಂದು ಎಣಿಸುತ್ತೇನೆ. ಟುಬಿನ್ 1905ರಲ್ಲಿ ಎಸ್ಟೋನಿಯಾದ ಹಳ್ಳಿಯೊಂದರಲ್ಲಿ ಹುಟ್ಟಿ, ಟಾರ್ಟು ನಗರದ ವಾನೆಮುಯ್ನೆ ರಂಗಮಂದಿರದಲ್ಲಿ ನಿರ್ದೇಶಕರಾಗಿ ದುಡಿದು, 1944ರಲ್ಲಿ ಸೋವಿಯತ್ ಸೈನ್ಯ ಮರಳಿ ಬರುತ್ತಿದ್ದಾಗ ಸಮುದ್ರ ದಾಟಿ ಸ್ವೀಡನ್ ಸೇರಿದ ರಚನಕಾರ. ಅಲ್ಲಿ ಡ್ರಾಟ್ನಿಂಗ್‌ಹೋಮ್ ಅರಮನೆಯ ರಂಗಮಂದಿರಕ್ಕಾಗಿ ಹಳೆಯ ಒಪೆರಾಗಳ ಸ್ವರಲಿಪಿಗಳನ್ನು ಸರಿಪಡಿಸಿಕೊಡುವುದು ಅವರ ಹೊಟ್ಟೆಪಾಡಾಯಿತು. ಹತ್ತು ಸಿಂಫನಿಗಳನ್ನು ಮುಗಿಸಿ, ಹನ್ನೊಂದನೆಯದನ್ನು ಅರ್ಧಕ್ಕೆ ಬಿಟ್ಟು, 1982ರ ನವೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ತೀರಿಕೊಂಡರು. ಅದೇ ವರ್ಷ ಯಾರ್ವಿ ಗೊಥೆನ್‌ಬರ್ಗ್ ವಾದ್ಯವೃಂದದ ಮುಖ್ಯ ನಿರ್ದೇಶಕರಾಗಿ ಸ್ವೀಡನ್ನಿಗೆ ಬಂದರು. ಟುಬಿನ್ ಸಿಂಫನಿಗಳ ಮುದ್ರಣ ಬಹುಪಾಲು ನಡೆದದ್ದು ಆ ದಶಕದಲ್ಲಿ, ರಚನಕಾರರು ಕಣ್ಮುಚ್ಚಿದ ಮೇಲೆ.

ಸಂಪುಟವನ್ನು ಒಂದೇ ವಾದ್ಯವೃಂದ ನುಡಿಸಿಲ್ಲ. ಸ್ವೀಡಿಷ್ ರೇಡಿಯೋ ವಾದ್ಯವೃಂದ, ಗೊಥೆನ್‌ಬರ್ಗ್, ನಾರ್ವೆಯ ಬರ್ಗೆನ್, ಜರ್ಮನಿಯ ಬಾಂಬರ್ಗ್ ಹೀಗೆ ನಾಲ್ಕು ತಂಡಗಳು ಕೃತಿಗಳನ್ನು ಹಂಚಿಕೊಂಡಿವೆ. ಆದ್ದರಿಂದ ಒಂದು ಸಿಂಫನಿಯಿಂದ ಇನ್ನೊಂದಕ್ಕೆ ಹೋದಾಗ ನಾದದ ಬಣ್ಣ ಬದಲಾಗುತ್ತದೆ, ಸಭಾಂಗಣದ ಅನುರಣನವೂ, ಅಂದರೆ ಮರುದನಿಯೂ, ಬದಲಾಗುತ್ತದೆ. ಒಂದೇ ಕೂರಿಕೆಯಲ್ಲಿ ಕೇಳುವವರಿಗೆ ಇದು ಕಿರಿಕಿರಿಯಾಗಬಹುದು. ಒಂದೊಂದೇ ಕೃತಿಯನ್ನು ಬಿಡಿಬಿಡಿಯಾಗಿ ಕೇಳಿದರೆ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ.

1937ರ ಎರಡನೆಯ ಸಿಂಫನಿಗೆ ‘ಐತಿಹ್ಯ’ದ ಸಿಂಫನಿ ಎಂದೇ ಹೆಸರು. ತಂತಿವಾದ್ಯಗಳ ತೀರ ಮೆಲ್ಲನೆಯ ನಡುಕದಿಂದ ಹೊರಟು ಹಿತ್ತಾಳೆವಾದ್ಯಗಳ ಭೋರ್ಗರೆತದವರೆಗೆ ಹೋಗಿ, ಕೊನೆಗೆ ಒಂಟಿ ಪಿಟೀಲಿನಲ್ಲಿ ಕರಗುವ ಈ ಕೃತಿಯನ್ನು ನಿಧಾನವಾಗಿ ನಡೆಸುವ ನಿರ್ದೇಶಕರು ಮಂಜು, ಕಡಲು, ಬಂಡೆ ಎಂದು ಚಿತ್ರ ಬರೆಯತೊಡಗುತ್ತಾರೆ. ಯಾರ್ವಿ ಚಿತ್ರ ಬರೆಯಲು ನಿಲ್ಲುವುದಿಲ್ಲ. ಒಂದು ಅಲೆ ಅಡಗುವ ಮೊದಲೇ ಮುಂದಿನದನ್ನು ಎಬ್ಬಿಸುತ್ತಾರೆ, ಹೀಗಾಗಿ ಕೃತಿಯ ಉದ್ದಕ್ಕೂ ಒಂದೇ ಉಸಿರು ಹರಿದಂತೆ ಅನ್ನಿಸುತ್ತದೆ. 1954ರ ಆರನೆಯದರಲ್ಲಿ ಸ್ಯಾಕ್ಸೊಫೋನ್ ಒಂದು ಪ್ರಧಾನ ಪಾತ್ರ. ಯುದ್ಧಾನಂತರದ ನೃತ್ಯಸಂಗೀತದ ಲಯಗಳು ಬೆದರಿಕೆಯಂತೆ ಒಳನುಗ್ಗುತ್ತವೆ. ಇಲ್ಲಿ ಸ್ವೀಡಿಷ್ ರೇಡಿಯೋ ತಂಡದ ನುಡಿಸಾಣಿಕೆ ಇಡೀ ಸಂಪುಟದಲ್ಲೇ ಹೆಚ್ಚು ಹರಿತವಾದದ್ದು. 1966ರ ಎಂಟನೆಯದು ಕತ್ತಲೆಯ ಕೃತಿ. ಮೊದಲ ಸಲ ಕೇಳುವವರು ಅದನ್ನು ಕೊನೆಗೆ ಇಟ್ಟುಕೊಳ್ಳಲಿ. ಒಂದೇ ಭಾಗದಲ್ಲಿ ಸಾಗುವ 1973ರ ಹತ್ತನೆಯದರಲ್ಲಿ ಮತ್ತೆ ಮತ್ತೆ ಮರಳುವ ಹಾರ್ನ್ ವಾದ್ಯದ ಕರೆಯನ್ನು ಗೊಥೆನ್‌ಬರ್ಗ್ ತಂಡ ತುಂಬ ಗಾಂಭೀರ್ಯದಿಂದ ಹಿಡಿದಿದೆ. ಮೂರನೆಯ ಸಿಂಫನಿಯ ಕೊನೆಯ ಭಾಗ ಮಾತ್ರ ಯಾರ್ವಿ ಎಷ್ಟೇ ನಂಬಿಕೆಯಿಂದ ನಡೆಸಿದರೂ ನನಗೆ ಘೋಷಣೆಯಂತೆಯೇ ಕೇಳಿಸುತ್ತದೆ. ಆ ದೋಷ ರಚನೆಯದು.

ಐದನೆಯ ಸಿಂಫನಿಯ ಮಾತನ್ನು ಮುಂದೆ ಎತ್ತಿಕೊಳ್ಳುತ್ತೇನೆ. ಅದರ ಜತೆಗೆ ಬಾಂಬರ್ಗ್ ತಂಡ ನುಡಿಸಿರುವ ‘ಕ್ರಾಟ್’ ಬ್ಯಾಲೆಯಿಂದ ಆಯ್ದ ಭಾಗಗಳ ಸ್ವರಗುಚ್ಛವನ್ನು ಮಾತ್ರ ಇಲ್ಲೇ ಹೇಳಿಬಿಡಬೇಕು. ಕ್ರಾಟ್ ಎಂದರೆ ಎಸ್ಟೋನಿಯಾದ ಜನಪದ ಕಥೆಗಳಲ್ಲಿ ಬರುವ ಒಂದು ಜೀವಿ. ರೈತ ಮನೆಯ ಹಳೆಯ ಸಾಮಾನುಗಳನ್ನು ಜೋಡಿಸಿ ಅದನ್ನು ಕಟ್ಟುತ್ತಾನೆ, ಸೈತಾನನಿಗೆ ಮೂರು ಹನಿ ರಕ್ತ ಕೊಟ್ಟು ಅದಕ್ಕೆ ಜೀವ ತರುತ್ತಾನೆ, ಆಮೇಲೆ ಅದು ಯಜಮಾನನಿಗೆ ಸಂಪತ್ತನ್ನು ಹೊತ್ತು ತರುತ್ತದೆ. 1943ರಲ್ಲಿ ಟಾರ್ಟುವಿನಲ್ಲಿ ಮೊದಲು ರಂಗಕ್ಕೆ ಬಂದ ಈ ಬ್ಯಾಲೆ, 1944ರ ಮಾರ್ಚ್ 9ರ ರಾತ್ರಿ ಟಾಲಿನ್‌ನ ‘ಎಸ್ಟೋನಿಯಾ’ ರಂಗಮಂದಿರದಲ್ಲಿ ನಡೆಯುತ್ತಿದ್ದಾಗಲೇ ಸೋವಿಯತ್ ವಿಮಾನಗಳ ಬಾಂಬ್ ದಾಳಿಯಾಗಿ ಕಟ್ಟಡ ಸುಟ್ಟುಹೋಯಿತು. ಪಾತ್ರಧಾರಿಗಳು ವೇಷದಲ್ಲೇ ಬೀದಿಗೆ ಓಡಿದರೆಂದು ಹೇಳುತ್ತಾರೆ. ಈ ಹಿನ್ನೆಲೆ ಗೊತ್ತಿಲ್ಲದೆ ಕೇಳಿದರೂ ಸ್ವರಗುಚ್ಛ ರಂಜಿಸುತ್ತದೆ. ಜನಪದ ಧಾಟಿಗಳು ಒಂದರ ಮೇಲೊಂದು ಮುಗಿಬೀಳುವ ಈ ಕುಣಿತದಲ್ಲಿ ಯಾರ್ವಿ ಅವರ ತಾಳವಾದ್ಯದ ರಕ್ತ ಕುದಿಯುವುದು ಚೆನ್ನಾಗಿ ಕೇಳಿಸುತ್ತದೆ.

ಎರಡನೆಯ ಸ್ಥಾನ ರಷ್ಯದ ರಚನಕಾರ ಪ್ರೊಕೋಫಿಯೆವ್ ಅವರ ಸಿಂಫನಿಗಳಿಗೆ. 1984ರಿಂದ 1988ರವರೆಗೆ ಯಾರ್ವಿ ಗ್ಲಾಸ್ಗೋದಲ್ಲಿ ಸ್ಕಾಟಿಷ್ ನ್ಯಾಷನಲ್ ವಾದ್ಯವೃಂದದ ಮುಖ್ಯಸ್ಥರಾಗಿದ್ದರು. 1979ರಲ್ಲಷ್ಟೇ ಹುಟ್ಟಿದ ಬ್ರಿಟನ್ನಿನ ಧ್ವನಿಮುದ್ರಣ ಸಂಸ್ಥೆ ಶಾಂಡೋಸ್ ಆಗ ತನ್ನ ಹೆಸರನ್ನು ಕಟ್ಟಿಕೊಳ್ಳುತ್ತಿತ್ತು. ಅವಸರದ ನಿರ್ದೇಶಕ, ಹಸಿದ ಸಂಸ್ಥೆ, ಹೆಚ್ಚು ಹೆಸರಿಲ್ಲದ ವಾದ್ಯವೃಂದ, ಈ ಮೂರೂ ಕೂಡಿದಾಗ ಏನಾಯಿತು ಎಂಬುದಕ್ಕೆ ಆರನೆಯ ಸಿಂಫನಿ ಸಾಕ್ಷಿ. ಯುದ್ಧ ಮುಗಿದ ಮೇಲೂ ಮಾಯದ ಗಾಯದ ಮಾತನ್ನಾಡುವ ಆ ಕೃತಿಯ ಮೊದಲ ಭಾಗದಲ್ಲಿ ಹಾರ್ನ್‌ಗಳು ಏದುಸಿರು ಬಿಡುವಂತೆ ನುಡಿಯುವ ಸಾಲುಗಳನ್ನು ಯಾರ್ವಿ ಸ್ವಲ್ಪವೂ ನಯಗೊಳಿಸುವುದಿಲ್ಲ. ಕೊನೆಯ ಭಾಗದ ಹುಸಿ ಗೆಲುವು ಒಮ್ಮೆಲೇ ಕುಸಿಯುವ ಗಳಿಗೆ ಈ ಮುದ್ರಿಕೆಯಲ್ಲಿರುವಷ್ಟು ನಿರ್ದಯವಾಗಿ ಬೇರೆಲ್ಲೂ ನನಗೆ ಕೇಳಿಸಿಲ್ಲ. ನಾಲ್ಕನೆಯ ಸಿಂಫನಿಯ 1930ರ ಮೊದಲ ರೂಪ ಮತ್ತು 1947ರ ಪರಿಷ್ಕೃತ ರೂಪ ಎರಡೂ ಈ ಸರಣಿಯಲ್ಲಿವೆ. ಎರಡನ್ನೂ ಒಂದಾದ ಮೇಲೊಂದು ಕೇಳಿದರೆ ರಚನಕಾರ ತನ್ನದೇ ಹಳೆಯ ಮನೆಯನ್ನು ಕೆಡವಿ ದೊಡ್ಡದು ಮಾಡಿಕೊಂಡ ಬಗೆ ತಿಳಿಯುತ್ತದೆ. ಶಬ್ದಗ್ರಹಣದ ಬಗ್ಗೆ ಒಂದು ದೂರು ಇದ್ದೇ ಇದೆ. ಆ ಕಾಲದ ಶಾಂಡೋಸ್ ಮುದ್ರಿಕೆಗಳಲ್ಲಿ ಅನುರಣನ ಧಾರಾಳ. ಉಕ್ಕು ಕಬ್ಬಿಣದ ಸದ್ದೆಬ್ಬಿಸುವ ಎರಡನೆಯ ಸಿಂಫನಿಯಲ್ಲಂತೂ ಆ ಧಾರಾಳ ಮಿತಿ ಮೀರಿ, ಮಧ್ಯಸ್ಥಾಯಿಯ ಸ್ವರಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಒಳ್ಳೆಯ ಧ್ವನಿವರ್ಧಕ ಇಲ್ಲದವರು ಇದನ್ನು ಕಿವಿಯ ಇಯರ್‌ಫೋನ್‌ನಲ್ಲಿ ಕೇಳುವುದೇ ಲೇಸು.

ಇದೇ ತಂಡದ ಜತೆ ಮಾಡಿದ ಡ್ವೊರ್ಷಾಕ್ ಸಿಂಫನಿಗಳ ಪೂರ್ಣ ಸರಣಿಯಲ್ಲೂ ನನ್ನ ಮೊದಲಿನ ಮಾತೇ ನಿಜವಾಗುತ್ತದೆ. ಯಾರೂ ಕೇಳದ ಮೊದಲ ನಾಲ್ಕು ಸಿಂಫನಿಗಳು ಲವಲವಿಕೆಯಿಂದಿವೆ. ಜಗತ್ತೇ ಗುನುಗುವ ಒಂಬತ್ತನೆಯದು ಚೆನ್ನಾಗಿದೆ, ಅಷ್ಟೇ.

ಗೊಥೆನ್‌ಬರ್ಗ್‌ನ ಇಪ್ಪತ್ತೆರಡು ವರ್ಷಗಳ ಒಡನಾಟಕ್ಕೆ ಪ್ರತ್ಯೇಕ ಲೇಖನವೇ ಬೇಕು. 1982ರಿಂದ 2004ರವರೆಗೆ ಅಲ್ಲಿದ್ದ ಯಾರ್ವಿ ಒಂದು ಪ್ರಾಂತೀಯ ವಾದ್ಯವೃಂದವನ್ನು ಜಗತ್ತಿನ ವೇದಿಕೆಗೆ ಏರಿಸಿದರು. 1997ರಲ್ಲಿ ಅದಕ್ಕೆ ಸ್ವೀಡನ್ನಿನ ರಾಷ್ಟ್ರೀಯ ವಾದ್ಯವೃಂದ ಎಂಬ ಬಿರುದೂ ಬಂತು. 1935ರಲ್ಲಿ ಕಟ್ಟಿದ ಆ ಊರಿನ ಮರದ ಒಳಮೈಯ ಸಂಗೀತಭವನದ ನಾದ ಮುದ್ರಿಕೆಗಳಲ್ಲೂ ಬೆಚ್ಚಗೆ ಕೇಳಿಸುತ್ತದೆ. ಅಲ್ಲಿ ಮಾಡಿದ ಸಿಬೇಲಿಯಸ್ ಸರಣಿ ಹೆಚ್ಚು ಪ್ರಸಿದ್ಧವಾದರೂ ನಾನು ಮೊದಲು ಕೈಗೆತ್ತಿಕೊಳ್ಳುವುದು ವಿಲ್‌ಹೆಲ್ಮ್ ಸ್ಟೆನ್‌ಹಮ್ಮರ್ ಅವರ ಕೃತಿಗಳನ್ನು. 1907ರಿಂದ 1922ರವರೆಗೆ ಇದೇ ವಾದ್ಯವೃಂದವನ್ನು ನಡೆಸಿದ ರಚನಕಾರ ಅವರು. ಅವರ ಎರಡನೆಯ ಸಿಂಫನಿಯಲ್ಲಿ ಹಳ್ಳಿಯ ಹಾಡಿನ ಸರಳತೆಯೂ ಹಲವು ಧಾಟಿಗಳನ್ನು ಒಟ್ಟಿಗೆ ಹೆಣೆಯುವ ಪ್ರತಿಸ್ವರದ ಪಾಂಡಿತ್ಯವೂ ಒಂದನ್ನೊಂದು ನೋಯಿಸದೆ ಕೂಡಿಕೊಂಡಿವೆ. ಯಾರ್ವಿ ಅಲ್ಲಿ ಪಾಂಡಿತ್ಯವನ್ನು ಮೆರೆಸುವ ಗೋಜಿಗೆ ಹೋಗದೆ ಹಾಡನ್ನು ಹಾಡಲು ಬಿಡುತ್ತಾರೆ.

ಅಮೆರಿಕದ ಡೆಟ್ರಾಯಿಟ್ ವಾದ್ಯವೃಂದದಲ್ಲಿ 1990ರಿಂದ 2005ರವರೆಗೆ ಇದ್ದಾಗ ಅಮೆರಿಕದ ರಚನಕಾರರ ಸರಣಿಯೊಂದನ್ನು ಅವರು ಶಾಂಡೋಸ್‌ಗಾಗಿ ಮಾಡಿದರು. ಏಮಿ ಬೀಚ್ ಅವರ ‘ಗೇಲಿಕ್’ ಸಿಂಫನಿ, ವಿಲಿಯಂ ಗ್ರಾಂಟ್ ಸ್ಟಿಲ್ ಅವರ ಸಿಂಫನಿಗಳು ಅದರಲ್ಲಿವೆ. ಮಹಿಳೆಯರ ಮತ್ತು ಕಪ್ಪು ಜನರ ರಚನೆಗಳನ್ನು ನುಡಿಸಬೇಕೆಂಬ ಮಾತು ಇವತ್ತು ಎಲ್ಲೆಡೆ ಕೇಳಿಬರುತ್ತಿದೆ. ಹೊರದೇಶದಿಂದ ಬಂದ ಎಸ್ಟೋನಿಯನ್ನನೊಬ್ಬ ಆ ಮಾತಿಗೆ ಕಾಯದೆ ಮೂವತ್ತು ವರ್ಷಗಳ ಹಿಂದೆಯೇ ಅವುಗಳನ್ನು ಮುದ್ರಿಸಿಬಿಟ್ಟಿದ್ದರು.

ಕನ್ನಡದ ಓದುಗರಿಗೆ ಹೇಳಲೇಬೇಕಾದ ಮುದ್ರಿಕೆ ಇನ್ನೊಂದಿದೆ. ರಷ್ಯದ ರಚನಕಾರ ನಿಕೊಲಾಯ್ ಮೆಡ್ಟ್‌ನರ್ ಲಂಡನ್ನಿನಲ್ಲಿ ಬಡತನ, ಅನಾರೋಗ್ಯಗಳ ನಡುವೆ ಮರೆಯಾಗುತ್ತಿದ್ದಾಗ ಅವರ ನೆರವಿಗೆ ನಿಂತವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಅವರ ಹಣದಿಂದ ಹುಟ್ಟಿದ ಮೆಡ್ಟ್‌ನರ್ ಸೊಸೈಟಿ ರಚನಕಾರರ ಕೈಯಿಂದಲೇ ಅವರ ಮೂರು ಪಿಯಾನೋ ಕನ್ಸರ್ಟೋಗಳನ್ನು (ಪಿಯಾನೋ ಮತ್ತು ವಾದ್ಯವೃಂದ ಕೂಡಿ ನುಡಿಸುವ ಕೃತಿಗಳನ್ನು) ಫಿಲ್‌ಹಾರ್ಮೋನಿಯಾ ವಾದ್ಯವೃಂದದೊಂದಿಗೆ 1947ರಲ್ಲಿ ಮುದ್ರಿಸಿತು. ಮೂರನೆಯ ಕನ್ಸರ್ಟೋವನ್ನು ಮೆಡ್ಟ್‌ನರ್ ಮಹಾರಾಜರಿಗೇ ಅರ್ಪಿಸಿದ್ದಾರೆ. ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರ ಹೆಸರು ರಷ್ಯದ ಪಿಯಾನೋ ಸ್ವರಲಿಪಿಯ ಮೊದಲ ಪುಟದಲ್ಲಿರುವುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿದೆಯೋ! ಆ ಹಳೆಯ ಮುದ್ರಿಕೆಗಳು ಐತಿಹಾಸಿಕ. ಆದರೆ ಹಳೆಯ ತಟ್ಟೆಗಳ ಸದ್ದಿನ ಹಿಂದೆ ವಾದ್ಯವೃಂದದ ವಿವರ ಮಸುಕಾಗಿದೆ. ಆಸ್ಟ್ರೇಲಿಯಾದ ಪಿಯಾನೋ ವಾದಕ ಜೆಫ್ರಿ ಟೋಜರ್ ಮತ್ತು ಲಂಡನ್ ಫಿಲ್‌ಹಾರ್ಮೋನಿಕ್ ಜತೆಗೂಡಿ 1990ರ ದಶಕದ ಆರಂಭದಲ್ಲಿ ಯಾರ್ವಿ ಶಾಂಡೋಸ್‌ಗಾಗಿ ಮಾಡಿದ ಮುದ್ರಿಕೆಗಳಲ್ಲಿ ಆ ಮಸುಕು ಸರಿದುಹೋಗುತ್ತದೆ. ಮೆಡ್ಟ್‌ನರ್ ಅವರ ಬರವಣಿಗೆ ಇಡಿಕಿರಿದದ್ದು. ಪಿಯಾನೋಕ್ಕೂ ವಾದ್ಯವೃಂದಕ್ಕೂ ಬಿಡುವೇ ಇಲ್ಲದ ಸಂಭಾಷಣೆ ಅದು. ಟೋಜರ್ ವಾಗ್ವಾದಕ್ಕಿಂತ ಚಿಂತನೆಯ ಕಡೆಗೆ ವಾಲುವ ವಾದಕ, ಯಾರ್ವಿ ಮುಂದೆ ತಳ್ಳುವವರು. ಮೂರನೆಯ ಕನ್ಸರ್ಟೋದ ಉದ್ದದ ಮೊದಲ ಭಾಗದಲ್ಲಿ ಈ ಎಳೆದಾಟ ಕೃತಿಗೆ ಒಳ್ಳೆಯದನ್ನೇ ಮಾಡಿದೆ. ಎರಡನೆಯದರ ಮೊದಲ ಭಾಗಕ್ಕೆ ಬೇಕಾದ ಕಿಡಿ ಮಾತ್ರ ಪಿಯಾನೋ ಕಡೆಯಿಂದ ಪೂರ್ತಿ ಸಿಡಿಯುವುದಿಲ್ಲ.

ಇನ್ನು ಬಿಡಬಹುದಾದವು. ಬರ್ಗೆನ್ ಫಿಲ್‌ಹಾರ್ಮೋನಿಕ್ ಜತೆ 2010ರ ನಂತರ ಮುದ್ರಿಸಿದ ಚೈಕೋವ್‌ಸ್ಕಿಯ ಮೂರು ಬ್ಯಾಲೆಗಳು ಶಬ್ದಗ್ರಹಣದ ದೃಷ್ಟಿಯಿಂದ ಬೆರಗು ಹುಟ್ಟಿಸುತ್ತವೆ, ಪಿಟೀಲಿನ ಒಂಟಿ ಭಾಗಗಳಲ್ಲಿ ಜೇಮ್ಸ್ ಎಹ್ನೆಸ್ ಅವರಂಥ ಕಲಾವಿದರೂ ಇದ್ದಾರೆ. ಆದರೂ ‘ಹಂಸ ಸರೋವರ’ದಲ್ಲಿ ನರ್ತಕಿಯ ಕಾಲು ನೆಲ ಮುಟ್ಟುವ ಮೊದಲೇ ಮುಂದಿನ ಆವರ್ತ ಬಂದುಬಿಡುತ್ತದೆ. ರಂಗದ ಕಲ್ಪನೆ ಮನಸ್ಸಿನಲ್ಲಿ ಮೂಡಲು ಬೇಕಾದ ಬಿಡುವನ್ನು ನಿರ್ದೇಶಕರು ಕೊಡುವುದಿಲ್ಲ. ಅದೇ ಬರ್ಗೆನ್ ತಂಡ, ಅದೇ ವರ್ಷಗಳು, ಅದೇ ವೇಗ: ನಾರ್ವೆಯ ಯೊಹಾನ್ ಹಾಲ್ವೊರ್ಸೆನ್ ಅವರ ಕೃತಿಗಳ ನಾಲ್ಕು ಸಂಪುಟಗಳಲ್ಲಿ ಅದು ಹಬ್ಬದ ಉತ್ಸಾಹವಾಗುತ್ತದೆ. ಹಾಗೆಯೇ ಜಿನೀವಾದ ಸ್ವಿಸ್ ರೊಮಾಂಡ್ ವಾದ್ಯವೃಂದದಲ್ಲಿದ್ದ 2012ರಿಂದ 2015ರ ಅವಧಿಯಲ್ಲಿ ಯೋವಾಕಿಮ್ ರಾಫ್ ಎಂಬ ಮರೆತುಹೋದ ರಚನಕಾರರನ್ನು ಅವರು ಎತ್ತಿಕೊಂಡರು. ರಾಫ್ ಅವರ ಸಿಂಫನಿಗಳನ್ನು ಭಕ್ತಿಯಿಂದ ನಿಧಾನವಾಗಿ ನುಡಿಸಿದರೆ ತೂಕಡಿಕೆ ಬರುತ್ತದೆ. ಯಾರ್ವಿ ಅವುಗಳನ್ನು ಓಡಿಸಿ ಉಳಿಸಿದ್ದಾರೆ.

ಮೆದುಳಿನ ರಕ್ತನಾಳ ಒಡೆದು 2001ರ ಬೇಸಿಗೆಯಲ್ಲಿ ಎಸ್ಟೋನಿಯಾದ ಪ್ಯಾರ್ನು ನಗರದಲ್ಲಿ ಸಾವಿನ ಬಾಗಿಲಿಗೆ ಹೋಗಿ ಬಂದವರು, ಆಮೇಲೂ ಇಷ್ಟನ್ನು ಮಾಡಿದರು ಎಂಬುದನ್ನು ಮರೆಯಬಾರದು. 2010ರಿಂದ 2020ರವರೆಗೆ ತಮ್ಮ ಹಳೆಯ ಟಾಲಿನ್ ವಾದ್ಯವೃಂದಕ್ಕೇ ಮರಳಿ ಮುಖ್ಯಸ್ಥರಾದರು, 2018ರಲ್ಲಿ ‘ಗ್ರಾಮೊಫೋನ್’ ಪತ್ರಿಕೆಯ ಜೀವಮಾನ ಸಾಧನೆಯ ಪ್ರಶಸ್ತಿಯೂ ಅವರಿಗೆ ಸಂದಿತು. ಮುದ್ರಿಕೆಗಳ ಗುಣವನ್ನು ತೂಗುವಾಗ ನಾನು ಇವುಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಕೊಳ್ಳುವ ವಿಷಯ. ಬಿಸ್ ಸಂಸ್ಥೆಯನ್ನು 2023ರಲ್ಲಿ ಆಪಲ್ ಕೊಂಡುಕೊಂಡ ಮೇಲೆ ಅದರ ಹಳೆಯ ಮುದ್ರಿಕೆಗಳು ಆಪಲ್‌ನ ಶಾಸ್ತ್ರೀಯ ಸಂಗೀತದ ಸೇವೆಯಲ್ಲಿ ಸುಲಭವಾಗಿ ಸಿಗುತ್ತವೆ. ಶಾಂಡೋಸ್ ತನ್ನದೇ ಜಾಲತಾಣದಲ್ಲಿ ಉತ್ತಮ ಗುಣಮಟ್ಟದ ಕಡತಗಳನ್ನು ಮಾರುತ್ತದೆ, ಕೃತಿಗಳನ್ನು ವಿವರಿಸುವ ಹೊತ್ತಗೆಯೂ ಜತೆಗೆ ಬರುತ್ತದೆ. ಟುಬಿನ್‌ರಂಥ ರಚನಕಾರರ ವಿಷಯದಲ್ಲಿ ಅಂಥ ಹೊತ್ತಗೆ ಓದದೆ ಕೇಳುವುದು ನಷ್ಟ. ಸಾಮಾನ್ಯ ಸಂಗೀತ ಸೇವೆಗಳಲ್ಲಿ ಹುಡುಕುವವರು ‘ಯಾರ್ವಿ’ ಎಂದಷ್ಟೇ ಬರೆದರೆ ಮಕ್ಕಳಾದ ಪಾವೊ ಮತ್ತು ಕ್ರಿಸ್ಟ್ಯಾನ್ ಇಬ್ಬರೂ ನಿರ್ದೇಶಕರೇ ಆಗಿರುವುದರಿಂದ ಮೂವರ ಮುದ್ರಿಕೆಗಳೂ ಕಲಸಿಕೊಂಡು ಬರುತ್ತವೆ. ರಚನಕಾರರ ಹೆಸರಿನಿಂದ ಹುಡುಕುವುದು ಒಳ್ಳೆಯದು.

ಹಾಗೆ ಹುಡುಕಿದಾಗ ಟುಬಿನ್ ಅವರ ಐದನೆಯ ಸಿಂಫನಿಯ, ಎಸ್ಟೋನಿಯನ್ ನಿರ್ದೇಶಕರೇ ಮಾಡಿದ ಮೂರು ಮುದ್ರಿಕೆಗಳು ಎದುರಾಗುತ್ತವೆ. ದೇಶ ಬಿಟ್ಟು ಬಂದ ಎರಡೇ ವರ್ಷಗಳಲ್ಲಿ, 1946ರಲ್ಲಿ, ಬರೆದ ಕೃತಿ ಅದು. ನಡುವಿನ ಭಾಗದಲ್ಲಿ ಜನಪದ ಕೀರ್ತನೆಯ ಧಾಟಿಯಿದೆ, ಕೊನೆಯ ಭಾಗದಲ್ಲಿ ಟಿಂಪನಿಗಳ ಬಡಿತವಿದೆ. ಮಗ ಪಾವೊ ಅಮೆರಿಕದ ಸಿನ್ಸಿನಾಟಿ ವಾದ್ಯವೃಂದದೊಂದಿಗೆ ಟೆಲಾರ್ಕ್ ಸಂಸ್ಥೆಗಾಗಿ ಮಾಡಿದ ಮುದ್ರಿಕೆಯಲ್ಲಿ, ಸಿಬೇಲಿಯಸ್‌ನ ಎರಡನೆಯ ಸಿಂಫನಿಯ ಜತೆ, ಇದು ದೊಡ್ಡ ಯುರೋಪಿಯನ್ ಸಿಂಫನಿಗಳ ಸಾಲಿನಲ್ಲಿ ಸಮಚಿತ್ತದಿಂದ ನಿಂತಿದೆ. ಪ್ರತಿ ದನಿಯೂ ಅದರ ಜಾಗದಲ್ಲಿದೆ, ಮಂದ್ರದ ನಾದ ಭವ್ಯವಾಗಿದೆ. ಆರ್ವೋ ವೋಲ್ಮರ್ ಅವರು ಎಸ್ಟೋನಿಯಾದ ರಾಷ್ಟ್ರೀಯ ವಾದ್ಯವೃಂದದೊಂದಿಗೆ ಆಲ್ಬಾ ಸಂಸ್ಥೆಗಾಗಿ ಮಾಡಿದ ಸರಣಿ ಒಂದೇ ತಂಡದ್ದಾದ್ದರಿಂದ ಹೆಚ್ಚು ಏಕರೂಪವಾಗಿದೆ. ಬಿಸ್ ಸಂಪುಟದಲ್ಲಿ ಇಲ್ಲದ ಹನ್ನೊಂದನೆಯ ಸಿಂಫನಿಯ ಉಳಿದ ಭಾಗವೂ ಅದರಲ್ಲಿದೆ. ಸಮಗ್ರವಾಗಿ ಬೇಕೆನ್ನುವವರು ಅದನ್ನೇ ಕೊಳ್ಳಲಿ. ಬಾಂಬರ್ಗ್‌ನಲ್ಲಿ ಅಪ್ಪ ಮಾಡಿದ್ದರಲ್ಲಿ ಮಗನ ನಯವಿಲ್ಲ, ವೋಲ್ಮರ್ ಅವರ ಸಮತೂಕವೂ ಇಲ್ಲ. ಮೊದಲ ಭಾಗದಲ್ಲಿ ತಂತಿವಾದ್ಯಗಳು ಒಂದೆರಡು ಕಡೆ ಹಿಂದೆ ಬೀಳುವುದೂ ಉಂಟು. ಕೀರ್ತನೆಯ ಧಾಟಿಯನ್ನು ಮಾತ್ರ ಅವರು ಆತುರಪಡದೆ ಹಾಡಿಸುತ್ತಾರೆ, ಈ ಸಂಗ್ರಹದಲ್ಲಿ ಅದು ಅಪರೂಪ. ಕೊನೆಯ ಭಾಗದಲ್ಲಿ ಟಿಂಪನಿಗಳು ಎದ್ದಾಗ, ಉಳಿದ ಇಬ್ಬರಲ್ಲಿ ಅದು ವಾದ್ಯವೃಂದದ ಒಂದು ದನಿಯಾಗಿ ಕೇಳಿಸಿದರೆ, ಇವರಲ್ಲಿ ಇಡೀ ವಾದ್ಯವೃಂದ ಆ ಬಡಿತಕ್ಕೆ ಅಧೀನವಾಗುತ್ತದೆ. ಟುಬಿನ್ ಅವರ ಒಂದೇ ಒಂದು ಮುದ್ರಿಕೆಗೆ ಹಣ ಕೊಡುವವರಿಗೆ ನಾನು ಸೂಚಿಸುವುದು ಈ ಬಾಂಬರ್ಗ್ ಮುದ್ರಿಕೆಯನ್ನೇ, ‘ಕ್ರಾಟ್’ ಸ್ವರಗುಚ್ಛವೂ ಅದರಲ್ಲೇ ಬರುತ್ತದೆ.